ಗದ್ದುಗೆಯಲ್ಲಿ ಕೂತವರು

ಮಡಿಕೇರಿಗೆ ಬಂದವರೆಲ್ಲ ಸಂಜೆಯಾಗುತ್ತಲೇ ರಾಜಾಸೀಟಿನ ಕಡೆ ಓಡುತ್ತಾರೆ. ಅಲ್ಲಿ ಮುಳುಗಿದಷ್ಟು ಚೆಂದವಾಗಿ ಸೂರ್ಯ ಬೇರೆಲ್ಲೂ ಮುಳುಗುವುದಿಲ್ಲವಂತೆ. ಮಳೆಗಾಲದಲ್ಲಿ ಸೂರ್ಯನೇ ಇರುವುದಿಲ್ಲ, ಆದರೂ ಜನ ಕೊಡೆ ಹಿಡಿದು ಮಂಜನ್ನೇ ನೋಡಿ, ಜೋಳ ತಿಂದು ಬರುತ್ತಾರೆ. ನನ್ನ ಕಾಲು ಮಾತ್ರ ಮಹದೇವಪೇಟೆಯ ಕಡೆ ಎಳೆಯುತ್ತದೆ, ಅಲ್ಲಿನ ದಿಬ್ಬದ ಮೇಲಿರುವ ಗದ್ದುಗೆಗೆ. ಕೊಡಗಿನ ರಾಜರು ಬದುಕಿದ್ದಾಗ ಹೊತ್ತು ಕಳೆದ ಜಾಗಕ್ಕಿಂತ ಸತ್ತ ಮೇಲೆ ಕಳೆಯುತ್ತಿರುವ ಜಾಗವೇ ನನಗೆ ಹೆಚ್ಚು ಹಿಡಿಸುತ್ತದೆ. ಇದೇನು ಸ್ಮಶಾನದ ಚಟ ಎಂದು ಮನೆಯಲ್ಲಿ ಬೈಸಿಕೊಂಡದ್ದೂ ಆಗಿದೆ. ಮದುವೆ ಮನೆಯಲ್ಲಿ ಸುಳ್ಳು ನಗು ನಕ್ಕು ಜೊತೆಗೆ ನಿಂತು ಫೋಟೋ ತೆಗೆಸಿಕೊಳ್ಳಬಹುದು. ಸಮಾಧಿಯಲ್ಲಿ ಯಾರು ಯಾರ ಪಕ್ಕ, ಯಾರಿಗೆ ಜಾಗವೇ ಸಿಗಲಿಲ್ಲ ಎಂಬುದನ್ನು ಹಾಗೆ ಮುಚ್ಚಿಡಲಾಗುವುದಿಲ್ಲ.

ದೂರದಿಂದ ನೋಡಿದರೆ ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು ಗೋಪುರ. ಒಮ್ಮೆ ನನ್ನ ಮುಂದೆ ಹೋಗುತ್ತಿದ್ದ ಹುಡುಗ ಅಪ್ಪನ ಕೈ ಜಗ್ಗಿ, "ಅಪ್ಪಾ, ಇದು ಮಸೀದಿಯಾ?" ಅಂದ. ಅಪ್ಪ ಸ್ವಲ್ಪ ಹೊತ್ತು ತಲೆಯೆತ್ತಿ ನೋಡಿ, "ಮೂಲೆಯಲ್ಲಿ ಬಸವಣ್ಣ ಕೂತಿದ್ದಾನಲ್ಲೋ!" ಅಂದರು. ಕೂತಿದ್ದಾನೆ, ನಿಜ. ಲಿಂಗಾಯತ ಅರಸರ ಗೋರಿಗೆ ಮುಸಲ್ಮಾನ ಶೈಲಿಯ ಗುಮ್ಮಟ, ಅದರ ಮೂಲೆಗಳಲ್ಲಿ ನಂದಿ. ಇದೇ ಊರಿನಲ್ಲಿ 1820ರಲ್ಲಿ ಅರಸ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನಕ್ಕೂ ಇಂಥದೇ ಗುಮ್ಮಟ. ಟಿಪ್ಪುವಿನೊಂದಿಗೆ ಹೊಡೆದಾಡಿದ ಮನೆತನ ಕಟ್ಟಡದ ವಿಷಯದಲ್ಲಿ ಮಾತ್ರ ಹಗೆ ಸಾಧಿಸಲಿಲ್ಲ. ಚೆಂದ ಕಂಡದ್ದನ್ನು ಕಟ್ಟಿಸಿತು.

ದಿಬ್ಬದ ಮೂರು ಗದ್ದುಗೆಗಳಲ್ಲಿ ನಡುವಿನದು ದೊಡ್ಡವೀರರಾಜೇಂದ್ರ ಮತ್ತು ಅವನ ರಾಣಿ ಮಹದೇವಮ್ಮನದು. ಆ ರಾಣಿಯ ಹೆಸರೇ ಪೇಟೆಗೂ. 1807ರಲ್ಲಿ ಅವಳು ತೀರಿಕೊಂಡಳು, ಎರಡು ವರ್ಷದಲ್ಲೇ ಅವನೂ. ಬಲಗಡೆಯದು ಅವನ ತಮ್ಮ ಲಿಂಗರಾಜೇಂದ್ರನದು, ಅವನ ಮಗ ಚಿಕ್ಕವೀರರಾಜೇಂದ್ರ ಕಟ್ಟಿಸಿದ್ದು. ಎಡಗಡೆಯದು 1834ರಲ್ಲಿ ಕಟ್ಟಿದ, ರಾಜಗುರು ರುದ್ರಪ್ಪನ ಗದ್ದುಗೆ. ತುಸು ದೂರದಲ್ಲಿ ಟಿಪ್ಪುವಿನ ವಿರುದ್ಧ ಕಾದಿದ ಸೇನಾನಿ ಬಿದ್ದಂಡ ಬೋಪು, ಅವನ ಮಗ ಸೋಮಯ್ಯ. ಇಷ್ಟೇ ಮಂದಿ. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಕೊಡಗನ್ನಾಳಿದ ಹಾಲೇರಿ ಮನೆತನ ಇದು. 1681ರಲ್ಲಿ ಮುದ್ದುರಾಜ ಇಲ್ಲಿಗೆ ರಾಜಧಾನಿ ತಂದದ್ದರಿಂದಲೇ ಮಡಿಕೇರಿಯಾದದ್ದು. ಅಂಥ ಮನೆತನದ ಗುಮ್ಮಟಗಳಲ್ಲಿ ಸಿಗುವುದು ಅಣ್ಣತಮ್ಮಂದಿರ ಒಂದೇ ತಲೆಮಾರು. ಜೊತೆಯಲ್ಲಿರುವವರು ಗುರುವೂ ಸೇನಾನಿಯೂ. ನೆಂಟರಿಗಿಂತ ನಂಬಿದವರೇ ಹತ್ತಿರ ಉಳಿದರು ಎಂದುಕೊಳ್ಳುತ್ತೇನೆ.

ಈ ಅಣ್ಣತಮ್ಮಂದಿರನ್ನು ನೆನೆದರೆ ನನಗೆ ಕುತೂಹಲ ತಡೆಯುವುದಿಲ್ಲ. ಲಿಂಗಾಯತರ ಕ್ರಿಯಾಸಮಾಧಿಯಲ್ಲಿ ದೇಹವನ್ನು ಮಲಗಿಸುವ ಪದ್ಧತಿಯಿಲ್ಲ. ಕೂರಿಸಿ, ಎಡಗೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿ, ಬಿಲ್ವಪತ್ರೆ ತುಂಬಿ ಮಣ್ಣು ಕೊಡುತ್ತಾರೆ. ಅಂದಮೇಲೆ ಪದ್ಧತಿಯ ಪ್ರಕಾರ ಇಲ್ಲಿನ ಅರಸರು ಯಾರೂ ಮಲಗಿಲ್ಲ, ಕೂತಿದ್ದಾರೆ. ಇನ್ನೂರು ವರ್ಷದಿಂದ ಅಣ್ಣ ಒಂದು ಗುಮ್ಮಟದಡಿ, ತಮ್ಮ ಪಕ್ಕದ ಗುಮ್ಮಟದಡಿ. ಅಷ್ಟು ಹೊತ್ತು ಕೂತರೆ ಒಂದು ದಿನವಾದರೂ ಮಾತು ಬರದೇ ಇರುತ್ತದೆಯೇ? ಬಂದರೆ ಮೊದಲು ಬರುವ ಮಾತು ಅಣ್ಣನ ಮಗಳು ದೇವಮ್ಮಾಜಿಯದು.

ದೊಡ್ಡವೀರನಿಗೆ ಪಟ್ಟದ ರಾಣಿಯಲ್ಲಿ ಗಂಡುಮಕ್ಕಳಿರಲಿಲ್ಲ. ಪಿರಿಯಾಪಟ್ಟಣದ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು ಬಂದು, ಕಳೆದುಹೋದ ನಾಡನ್ನು ಹಿಡಿಹಿಡಿಯಾಗಿ ಗೆದ್ದ ಗಂಡಸು ಅವನು. ವಿರಾಜಪೇಟೆಗೆ ತನ್ನ ಹೆಸರಿಟ್ಟ, ಕಾಡಿನ ನಡುವೆ ನಾಲ್ಕುನಾಡು ಅರಮನೆ ಕಟ್ಟಿಸಿದ, ತನ್ನ ವಂಶದ ಚರಿತ್ರೆಯನ್ನು 'ರಾಜೇಂದ್ರನಾಮೆ' ಎಂದು ಕನ್ನಡದಲ್ಲಿ ಬರೆಯಿಸಿದ. ಎಲ್ಲ ಮಾಡಿಯೂ ಕೊನೆಗಾಲದಲ್ಲಿ ಅವನನ್ನು ಕಾಡಿದ್ದು ಇನ್ನೂ ಮಗುವಾಗಿದ್ದ ಮಗಳ ಚಿಂತೆ. ಅವಳೇ ಪಟ್ಟಕ್ಕೆ ಬರಬೇಕೆಂದು ಕಂಪನಿ ಸರಕಾರದ ಒಪ್ಪಿಗೆಯನ್ನೂ ತರಿಸಿಟ್ಟುಕೊಂಡ. ಅವನು ಕಣ್ಣು ಮುಚ್ಚಿದ ಮೇಲೆ ಚಿಕ್ಕಪ್ಪ ಲಿಂಗರಾಜ ಮಗುವಿನ ಪರವಾಗಿ ಆಡಳಿತ ನೋಡಿಕೊಳ್ಳುತ್ತೇನೆಂದು ಬಂದ. 1811ರ ಹೊತ್ತಿಗೆ ತಾನೇ ರಾಜನಾಗಿದ್ದ. ಚಿಕ್ಕಪ್ಪಂದಿರ ಕಥೆ ಎಲ್ಲ ಮನೆಯಲ್ಲೂ ಹೆಚ್ಚುಕಡಿಮೆ ಹೀಗೇ. ನಮ್ಮ ಮನೆಗಳಲ್ಲಿ ಅದು ಬಾವಿಗೋ ತೆಂಗಿನ ತೋಟಕ್ಕೋ ನಿಲ್ಲುತ್ತದೆ, ಅಷ್ಟೇ. ಹುಡುಗಿಯನ್ನು ಮೂಲೆಗೆ ಸರಿಸಿದ ಚಿಕ್ಕಪ್ಪನಿಗೆ ಅವಳ ತಂದೆಯ ಪಕ್ಕದಲ್ಲೇ ಗುಮ್ಮಟವಾಯಿತು. ಲಿಂಗರಾಜನ ಮಗನ ಕಾಲದಲ್ಲಿ ಅವಳ ಪ್ರಾಣವೂ ಉಳಿಯಲಿಲ್ಲ. ದಿಬ್ಬದ ಮೇಲೆ ಅವಳ ಹೆಸರಿನ ಗುಮ್ಮಟವಿಲ್ಲ.

ಆ ಮಗ, ಚಿಕ್ಕವೀರರಾಜೇಂದ್ರ, ಮಾಸ್ತಿಯವರ ಕಾದಂಬರಿಯಿಂದ ಕನ್ನಡಿಗರಿಗೆಲ್ಲ ಪರಿಚಿತ. ಪಟ್ಟಕ್ಕೆ ಪೈಪೋಟಿಯಾದಾರು ಎನಿಸಿದ ರಕ್ತಸಂಬಂಧಿಗಳನ್ನು ಕೊಲ್ಲಿಸಿದ ಅರಸ ಎಂಬ ಹೆಸರು ಹೊತ್ತವನು. ತಂದೆಗೆ ಗದ್ದುಗೆ ಕಟ್ಟಿಸುವಾಗ ಇನ್ನೊಂದು ಬದಿಯಲ್ಲಿ ತನಗೂ ಜಾಗ ಲೆಕ್ಕ ಹಾಕಿರಬಹುದು, ಗೃಹಸ್ಥನಾದವನು ಹಾಕುತ್ತಾನೆ. 1834ರ ಏಪ್ರಿಲಿನಲ್ಲಿ ಇಂಗ್ಲಿಷರ ಸೈನ್ಯ ಮಡಿಕೇರಿಗೆ ಬಂತು, ಮೇ ತಿಂಗಳಲ್ಲಿ ಕೊಡಗು ಕಂಪನಿಗೆ ಸೇರಿತು. ಅರಸನನ್ನು ವೆಲ್ಲೂರಿಗೆ, ಅಲ್ಲಿಂದ ಕಾಶಿಗೆ ಕಳುಹಿಸಿದರು. ಕಾಶಿಯಲ್ಲಿ ಹುಟ್ಟಿದ ಮಗಳು ಗೌರಮ್ಮನನ್ನು ಕರೆದುಕೊಂಡು 1852ರಲ್ಲಿ ಅವನು ಇಂಗ್ಲೆಂಡಿಗೆ ಹೋದ. ಆ ವರ್ಷವೇ ಹುಡುಗಿಗೆ ಕ್ರೈಸ್ತ ದೀಕ್ಷೆಯಾಯಿತು. ದೀಕ್ಷಾಮಾತೆಯಾಗಿ ನಿಂತು ತನ್ನ ಹೆಸರನ್ನೇ ಕೊಟ್ಟವಳು ವಿಕ್ಟೋರಿಯಾ ಮಹಾರಾಣಿ. ಚಿಕ್ಕವೀರ 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ವಿಕ್ಟೋರಿಯಾ ಗೌರಮ್ಮ ಕರ್ನಲ್ ಕ್ಯಾಂಪ್‌ಬೆಲ್ ಎಂಬವನನ್ನು ಮದುವೆಯಾಗಿ, ಒಂದು ಹೆಣ್ಣುಮಗು ಹೆತ್ತು, 1864ರಲ್ಲಿ ಕ್ಷಯದಿಂದ ಸತ್ತಳು. ಅವಳ ಗೋರಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ. ಹಾಲೇರಿಯ ಹೆಣ್ಣುಮಗಳೊಬ್ಬಳು ಕೂರದೆ ಮಲಗಿದಳು.

ಹೀಗೆ ಅರಮನೆಯವರು ದಿಕ್ಕಿಗೊಬ್ಬರಾಗಿ ಹೋದರು. ದಿಬ್ಬದಿಂದ ಇಳಿದು ಯಾವುದೇ ಕೊಡವ ಹಳ್ಳಿಗೆ ಹೋದರೆ ನೋಟವೇ ಬೇರೆ. ಒಂದೊಂದು ಒಕ್ಕಕ್ಕೂ, ಅಂದರೆ ಮನೆತನಕ್ಕೂ, ಅದರ ಮೂಲಮನೆಯಾದ ಐನ್‌ಮನೆ, ಹತ್ತಿರದಲ್ಲಿ ಮೂಲಪುರುಷ ಕಾರಣನ ಗುಡಿಯಾದ ಕೈಮಡ, ಕಾಫಿ ಗಿಡಗಳ ನಡುವೆಯೋ ಕಾಡಿನಂಚಿನಲ್ಲೋ ತೂಟಂಗಳ ಎಂಬ ಒಕ್ಕದ ಸ್ಮಶಾನ. ಅಲ್ಲಿ ಗುಮ್ಮಟವಿಲ್ಲ, ಎಷ್ಟೋ ಕಡೆ ಕಲ್ಲಿನ ಗುರುತೂ ಇಲ್ಲ. ಮನೆಯಲ್ಲಿ ಸಾವಾದರೆ ಜೋಡಿ ಗುಂಡು ಹಾರಿಸುತ್ತಾರೆ. ಗುಡ್ಡದಾಚೆಯವರಿಗೂ ಸುದ್ದಿ ಮುಟ್ಟುತ್ತದೆ. ವರ್ಷಕ್ಕೊಮ್ಮೆ ಕಾರಣನಿಗೆ ಎಡೆ ಇಡುತ್ತಾರೆ, ಕೋಳಿ ಸಾರು, ಹಂದಿ ಮಾಂಸ, ಒಂದು ಲೋಟ ಸಾರಾಯಿಯೂ ಸೇರಿ. ವಿಭೂತಿ ಬಿಲ್ವದ ಅರಸರಿಗೆ ಇದೆಲ್ಲ ಎಲ್ಲಿ ಸಿಗಬೇಕು! ತೂಟಂಗಳದ ಬೇಲಿ ಬದಿಯಲ್ಲಿ ನಿಂತು ಪರಿಚಯದ ಹಿರಿಯರೊಬ್ಬರನ್ನು, "ಇಲ್ಲಿ ಎಷ್ಟು ತಲೆಮಾರಿನವರಿದ್ದಾರೆ?" ಎಂದು ಕೇಳಿದ್ದೆ. "ಲೆಕ್ಕ ಯಾರಿಟ್ಟಿದ್ದಾರೆ ಮಾರಾಯರೇ, ಮುಂದಿನವರಿಗೆ ಜಾಗ ಇದೆಯಾ ಅಂತ ನೋಡ್ತೇವೆ ಅಷ್ಟೇ" ಅಂದರು. ಹಾಗೆಂದು ಅಲ್ಲೂ ಪಾಲುಪಟ್ಟಿಯ ಜಗಳಗಳು ಇಲ್ಲವೆಂದೇನಲ್ಲ. ಕಾಫಿ ತೋಟವಿದ್ದ ಮೇಲೆ ಕೋರ್ಟೂ ಇರುತ್ತದೆ. ಆದರೆ ಕೇಸು ನಡೆಸುತ್ತಿರುವ ಇಬ್ಬರೂ ಕೊನೆಗೆ ಬರುವುದು ಅದೇ ತೂಟಂಗಳಕ್ಕೆ.

ಒಕ್ಕದವರು ಒಂದಾಗುವ ಇನ್ನೊಂದು ಜಾಗ ಹಾಕಿ ಮೈದಾನ. 1997ರಲ್ಲಿ ಕರಡ ಎಂಬ ಹಳ್ಳಿಯಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಒಕ್ಕಗಳಿಗಾಗಿಯೇ ಹಾಕಿ ಪಂದ್ಯಾವಳಿ ಶುರು ಮಾಡಿದರು. ವರ್ಷಕ್ಕೊಂದು ಒಕ್ಕ ಅದರ ಯಜಮಾನಿಕೆ ವಹಿಸುತ್ತದೆ. ಈಗೀಗ ಮುನ್ನೂರಕ್ಕೂ ಮೀರಿ ಮನೆತನಗಳು ತಂಡ ಕಟ್ಟಿಕೊಂಡು ಬರುತ್ತವೆ, ಅಜ್ಜ, ಸೊಸೆ, ಕಾಲೇಜಿನ ಮೊಮ್ಮಗ ಎಲ್ಲರೂ ಒಂದೇ ಜೆರ್ಸಿಯಲ್ಲಿ. ಬೆನ್ನ ಮೇಲೆ ಮನೆತನದ ಹೆಸರು. ಗದ್ದುಗೆಯ ಕಟ್ಟೆಯ ಮೇಲೆ ಕೂತಾಗ ನನಗೊಂದು ತುಂಟ ಯೋಚನೆ ಬರುತ್ತದೆ: ಹಾಲೇರಿಯವರೂ ಆಡುತ್ತಿದ್ದರೆ? ಅಣ್ಣ ಸೆಂಟರ್ ಫಾರ್ವರ್ಡ್, ಅದರಲ್ಲಿ ಎರಡು ಮಾತಿಲ್ಲ. ತಮ್ಮನಿಗೆ ಚೆಂಡು ಪಾಸು ಮಾಡುತ್ತಿದ್ದನೋ ಇಲ್ಲವೋ, ಅದು ಬೇರೆ ವಿಷಯ. ಮಹದೇವಮ್ಮನನ್ನೂ ಲಂಡನ್ನಿನಿಂದ ಗೌರಮ್ಮನನ್ನೂ ಕರೆಸಿಕೊಂಡರೂ ಹನ್ನೊಂದು ಜನ ಆಗುವುದಿಲ್ಲ. ದೇವಮ್ಮಾಜಿಯನ್ನು ಕರೆಯಲೇಬೇಕು. ಕರೆದರೆ ಅವಳು ಬರುತ್ತಾಳೆಯೇ? ಬಂದರೂ ಚಿಕ್ಕಪ್ಪನಿರುವ ತಂಡಕ್ಕೆ ಆಡಲಾರಳು. ಅಂಪೈರ್ ಆಗಿ ಸೀಟಿ ಹಿಡಿದು ನಿಲ್ಲುತ್ತಾಳೆ.