ಮಲಪ್ರಭೆಯ ಸೀಮೆಯಲ್ಲಿ ಒಂದು ಡಬ್ಬಿ ಓಟ್ಸು

ಕಳೆದ ಪುಷ್ಯಮಾಸದಲ್ಲಿ ನಾವು ದಂಪತಿಗಳು ಧಾರವಾಡದಿಂದ ಹೊರಟು ಕಿತ್ತೂರು, ಬೈಲಹೊಂಗಲ, ಸವದತ್ತಿಗಳ ಮೇಲಾಗಿ ರಾಮದುರ್ಗದ ಕಡೆಗೆ ಪ್ರಯಾಣ ಮಾಡಿದೆವು. ಎಲ್ಲಮ್ಮನ ದರ್ಶನವೆಂಬುದು ನೆಪಕ್ಕೆ ಮಾತ್ರ. ರಾಮದುರ್ಗ ತಾಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಸೋದರತ್ತೆಯವರಿದ್ದಾರೆ. ಅವರಿಗೀಗ 81 ವರ್ಷ. ದೀಪಾವಳಿಯಿಂದೀಚೆಗೆ ಊಟವನ್ನು ಬಿಡುತ್ತ ಬಂದಿರುವರೆಂದೂ, ಮೈ ಬಹಳ ಇಳಿದಿದೆಯೆಂದೂ ಅವರ ಸೊಸೆ ತಿಳಿಸಿದ್ದಳು. ಹಲ್ಲುಗಳು ಹೋದ ಮೇಲೆ ರೊಟ್ಟಿ ಅಗಿಯಲಾಗದು. ರಕ್ತದಲ್ಲಿ ಕೊಬ್ಬು ಹೆಚ್ಚಿದೆಯೆಂದು ವೈದ್ಯರು ಎಣ್ಣೆ ಬೆಣ್ಣೆಗಳನ್ನು ಕಡಮೆ ಮಾಡಿಸಿದ್ದರು. ಪುಣೆಯಲ್ಲಿರುವ ಮಗನು ವೈದ್ಯರ ಸಲಹೆಯಂತೆ ಓಟ್ಸಿನ ಎರಡು ಡಬ್ಬಿಗಳನ್ನು ಕಳುಹಿಸಿಕೊಟ್ಟಿದ್ದನು. ಅವುಗಳಲ್ಲೊಂದನ್ನು ಒಡೆದು, ಒಂದು ದಿನ ಹಾಲಿನಲ್ಲಿ ಬೇಯಿಸಿ ಕೊಟ್ಟರಂತೆ. ಅತ್ತೆಯವರು ಬಟ್ಟಲನ್ನು ದೂರ ಸರಿಸಿದರಂತೆ. ಹೀಗಿರಲು ನಾವು ಹೊರಟೆವು.

ಕಿತ್ತೂರಿನ ಕೋಟೆಯನ್ನು ಕಾಣದೆ ಮುಂದೆ ಹೋಗುವುದು ನನ್ನಿಂದಾಗದು. 1824ನೆಯ ಅಕ್ಟೋಬರ 23ರಂದು ರಾಣಿ ಚೆನ್ನಮ್ಮನ ಸೈನ್ಯವು ಕಂಪನಿಯ ದಂಡನ್ನು ಮುರಿದ ಸ್ಥಳವಿದು. ಕಲೆಕ್ಟರ ಥ್ಯಾಕರೆಯು ಮಡಿದದ್ದೂ ಇಲ್ಲಿಯೇ. ಇಲ್ಲಿ ಮಲೆನಾಡಿನ ಸೆರಗು ಇನ್ನೂ ಪೂರ್ತಿ ಹಿಂದೆ ಸರಿದಿರುವುದಿಲ್ಲ, ಭತ್ತದ ಗದ್ದೆಗಳುಂಟು. ಮುಂಜಾವಿನಲ್ಲಿ ಒಂದು ಚಿಕ್ಕ ಅಂಗಡಿಯಲ್ಲಿ ಒಗ್ಗರಣೆಯ ಅವಲಕ್ಕಿ ತಿಂದೆವು. ತಿನ್ನುತ್ತಿರುವಾಗ ನನ್ನ ಹೆಂಡತಿಯು, “ಆ ಡಬ್ಬಿಯೊಳಗಿನದೂ ಅವಲಕ್ಕಿಯ ಜಾತಿಯದೇ ಅಲ್ಲವೇ?” ಎಂದಳು. ಮಾತು ಸರಿಯಾದದ್ದೇ. ಭತ್ತವನ್ನು ನೆನೆಸಿ, ಹುರಿದು, ಕುಟ್ಟಿ ಚಪ್ಪಟೆ ಮಾಡಿದರೆ ಅವಲಕ್ಕಿ. ಓಟ್ಸನ್ನು ಹೊಟ್ಟು ತೆಗೆದು, ಉಗಿಯಲ್ಲಿ ಬೇಯಿಸಿ, ಉರುಳೆಗಳ ನಡುವೆ ಒತ್ತಿದರೆ ಆ ಡಬ್ಬಿಯ ಹಲ್ಲೆಗಳು. ಉಗಿ ತಾಗಿದುದರಿಂದಲೇ ಅದರೊಳಗಿನ ಜಿಡ್ಡು ಬೇಗನೆ ಕಮಟುವುದಿಲ್ಲ.

ಬೈಲಹೊಂಗಲಕ್ಕೆ ಬರುವಷ್ಟರಲ್ಲಿ ನೆಲದ ಬಣ್ಣವೇ ಬೇರೆಯಾಯಿತು. ಎರೆಭೂಮಿ, ಎತ್ತ ನೋಡಿದರತ್ತ ಹಿಂಗಾರಿ ಜೋಳ, ಕಡಲೆ. ಕಿತ್ತೂರನ್ನು ಕಳೆದುಕೊಂಡ ಚೆನ್ನಮ್ಮನು ಇಲ್ಲಿಯ ಕೋಟೆಯಲ್ಲಿ ಸೆರೆಯಾಗಿದ್ದು 1829ರಲ್ಲಿ ತೀರಿಕೊಂಡಳು. ಸಮಾಧಿಗೆ ಕೈಮುಗಿದು ಊರ ಹೊರಗೆ ಬಂದರೆ, ಒಂದು ಹೊಲದಲ್ಲಿ ಹೊಗೆ ಏಳುತ್ತಿತ್ತು. ಸೀತನಿಯ ಕಾಲವದು. ಹಾಲುಗಾಳಿನ ಜೋಳದ ತೆನೆಗಳನ್ನು ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಬಡಿದು, ಕಾಳನ್ನು ಬೇರ್ಪಡಿಸಿ, ಶೇಂಗಾ ಚಟ್ನಿ ಬೆಲ್ಲಗಳೊಡನೆ ಬಿಸಿಬಿಸಿಯಾಗಿ ತಿನ್ನುವ ಆ ಸುಖವನ್ನು ಬಲ್ಲವರೇ ಬಲ್ಲರು. ಒಕ್ಕಲಿಗನು ಪರಿಚಯವಿಲ್ಲದ ನಮ್ಮನ್ನು ಕರೆದು, “ಬರ್ರೀ, ಎರಡ ಮುಕ್ಕ ತಿಂದ ಹೋಗ್ರೀ” ಎಂದು ಬೊಗಸೆ ತುಂಬ ಹಾಕಿದನು. ನಾವು ಎರಡು ಮುಕ್ಕಿಗೆ ನಿಲ್ಲಿಸಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಜೋಳ, ಓಟ್ಸುಗಳ ಹಣೆಯಬರಹವು ವಿಚಿತ್ರವಾದುದು. ಓಟ್ಸು ತಂಪು ದೇಶಗಳ ಬೆಳೆ. ಇಂಗ್ಲೆಂಡಿನವರು ಕುದುರೆಗಳಿಗೆ ಹಾಕುವ ಈ ಕಾಳು ಸ್ಕಾಟ್ಲಂಡಿನಲ್ಲಿ ಜನರಿಗೆ ಆಹಾರವಾಗಿದೆಯೆಂದು ಡಾಕ್ಟರ ಜಾನ್ಸನ್ನನು 1755ರ ತನ್ನ ನಿಘಂಟಿನಲ್ಲಿ ಚೇಷ್ಟೆ ಮಾಡಿದ್ದನು. ಇತ್ತ ನಮ್ಮ ಜೋಳವು ಅಮೇರಿಕೆಯಲ್ಲಿ ಹೆಚ್ಚಾಗಿ ದನಗಳ ಮೇವಿನ ಕಾಳಾಗಿದೆ. ಅವರ ಕುದುರೆಯ ಕಾಳು ಡಬ್ಬಿಯಲ್ಲಿ ಕುಳಿತು ನಮ್ಮ ಹಳ್ಳಿಗೆ ಬಂದಿತು. ನಮ್ಮ ತಾಟಿನ ಕಾಳು ಅಲ್ಲಿ ಗೋದಲೆಗೆ ಹೋಯಿತು!

ಸವದತ್ತಿಯ ಗುಡ್ಡದಲ್ಲಿ ಬನದ ಹುಣ್ಣಿಮೆಯ ಜಾತ್ರೆಯ ಜನ. ಜೋಗುಳಬಾವಿಯಲ್ಲಿ ಮಿಂದು ಬಂದವರು ಕಲ್ಲುಗಳ ಒಲೆ ಹೂಡಿ, ಹೋಳಿಗೆ ಕಡುಬುಗಳನ್ನು ಮಾಡಿ ಪಡ್ಡಲಗಿ ತುಂಬಿಸುತ್ತಿದ್ದರು. ಮಲಪ್ರಭೆಗೆ ನವಿಲುತೀರ್ಥದಲ್ಲಿ ಕಟ್ಟಿದ ಅಣೆಯ ಹಿನ್ನೀರು ದೂರದಲ್ಲಿ ಹೊಳೆಯುತ್ತಿತ್ತು. ಕಾಲುವೆಯ ನೀರು ಬಂದಲ್ಲಿ ಕಬ್ಬೂ ಗೋವಿನಜೋಳವೂ ಬಂದಿವೆ. ಅದನ್ನು ತಪ್ಪೆನ್ನಲಾರೆ, ರೊಕ್ಕ ಕಾಣದ ರೈತನ ಕಷ್ಟ ರೈತನಿಗೇ ಗೊತ್ತು.

ಸಂಜೆಗೆ ಅತ್ತೆಯವರ ಮನೆ ಮುಟ್ಟಿದೆವು. ಅವರನ್ನು ಕಂಡು ನನ್ನ ಎದೆ ಧಸಕ್ಕೆಂದಿತು. 1948ರವರೆಗೆ ರಾಮದುರ್ಗವು ಸಂಸ್ಥಾನವಾಗಿತ್ತು; ಆ ದಿನಗಳ ಕತೆಗಳನ್ನು ತಮ್ಮ ತಾಯಿಯಿಂದ ಕೇಳಿ, ರೊಟ್ಟಿ ಬಡಿಯುತ್ತ ನಮಗೆ ಹೇಳುತ್ತಿದ್ದ ಆ ದಪ್ಪ ಕೈಗಳೇ ಇವು ಎಂದು ನಂಬಲಾಗಲಿಲ್ಲ. ಡಬ್ಬಿಯ ಮಾತು ತೆಗೆಯುತ್ತಲೇ, “ಅಲ್ಲೋ ತಮ್ಮಾ, ಲೋಳಿ ಲೋಳಿ ಐತಿ, ಮ್ಯಾಲ ಸಕ್ಕರಿ ಬ್ಯಾರೆ! ಹಲ್ಲ ಹೋದುವು, ರೊಟ್ಟಿ ಹೋತು, ಇನ್ನ ಊಟದ ಮಾತ್ಯಾಕ?” ಎಂದರು.

ಆ ಲೋಳೆಯೇ ಅದರ ಗುಣವೆಂಬುದನ್ನು ಅವರಿಗೆ ಹೇಗೆ ತಿಳಿಸುವುದು? ಓಟ್ಸಿನೊಳಗಿನ ಬೀಟಾ ಗ್ಲೂಕನ್ ಎಂಬ ನಾರು ನೀರಿನಲ್ಲಿ ಕರಗಿ ಲೋಳೆಯಾಗುತ್ತದೆ. ಅದು ರಕ್ತದ ಕೊಲೆಸ್ಟ್ರಾಲನ್ನು ಸ್ವಲ್ಪಮಟ್ಟಿಗೆ ಇಳಿಸುತ್ತದೆ. ದಿನಕ್ಕೆ ಈ ನಾರು 3 ಗ್ರಾಂ ಬೇಕೆಂದು 1997ರಲ್ಲಿ ಅಮೇರಿಕೆಯ ಸರಕಾರವು ಒಪ್ಪಿತು. ಅದಕ್ಕೆ ಸುಮಾರು 75 ಗ್ರಾಂ ಓಟ್ಸು ಬೇಕು. ಆದರೆ ತಿನ್ನದೆ ಉಳಿದ ಪಥ್ಯದಿಂದ ಯಾರಿಗೆ ಗುಣವಾದೀತು?

ಮರುದಿನ ಮುಂಜಾನೆ ನನ್ನ ಹೆಂಡತಿಯು ಅಡಿಗೆಮನೆ ಹೊಕ್ಕಳು. ಒಂದು ಬಟ್ಟಲು ಓಟ್ಸನ್ನು ಬರಿಯ ಬಾಣಲೆಯಲ್ಲಿ ಕಂಪು ಬರುವವರೆಗೆ ಹುರಿದು, ಒರಳಿನಲ್ಲಿ ನುಚ್ಚಿನಂತೆ ಕುಟ್ಟಿ, ಐದು ಬಟ್ಟಲು ನೀರಿನಲ್ಲಿ ಹತ್ತು ನಿಮಿಷ ಕುದಿಸಿದಳು. ಆರಿದ ಮೇಲೆ ಹುಳಿಮಜ್ಜಿಗೆ, ಉಪ್ಪು, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಕೊತ್ತಂಬರಿ ಬೆರೆಸಿದಳು. ಹುರಿದುದರಿಂದ ಲೋಳೆ ತಗ್ಗಿತು. ಮಜ್ಜಿಗೆಯಿಂದ ಉಳಿದದ್ದು ಮರೆಯಾಯಿತು. ಅತ್ತೆಯವರು ಒಂದು ಗುಟುಕು ಕುಡಿದು, ತಡೆದು, “ಅಂಬಲಿ!” ಎಂದರು. ಬಟ್ಟಲು ಬರಿದಾಯಿತು. ಬಾಗಿಲಲ್ಲಿ ನಿಂತಿದ್ದ ಸೊಸೆಯು ಸೆರಗಿನಿಂದ ಕಣ್ಣೊರಸಿಕೊಂಡಳು.

ಮುಂದಿನ ಮೂರು ದಿನ ಪ್ರಯೋಗಗಳೇ ನಡೆದವು. ಮೂರು ಪಾಲು ಜೋಳದ ಹಿಟ್ಟಿಗೆ ಒಂದು ಪಾಲು ಓಟ್ಸಿನ ಪುಡಿ, ಉಳ್ಳಾಗಡ್ಡಿ, ಮೆಂತೆಯ ಸೊಪ್ಪು ಸೇರಿಸಿ ತಟ್ಟಿದ ತಾಲಿಪಟ್ಟಿಯು ಮೆತ್ತಗಾಗಿದ್ದು, ಮೊಸರಿನಲ್ಲಿ ನೆನೆಸಿಕೊಟ್ಟರೆ ವಸಡಿಗೂ ಸಾಧ್ಯವಾಯಿತು. ಉಪ್ಪಿಟ್ಟಿಗೆ ನೀರು ಸಮಸಮ ಸಾಕು; ರವೆಯ ಲೆಕ್ಕದಲ್ಲಿ ಸುರಿದರೆ ಅಂಟಾಗುವುದು. ಮಾದಲಿಯ ಆಸೆ ಮಾತ್ರ ಕೆಟ್ಟಿತು. ಗೋದಿಯ ಜಾಗದಲ್ಲಿ ಓಟ್ಸು ಹಾಕಿ ಮಾಡಿದ ಮಾದಲಿಯು ಉದುರಾಗದೆ ಮುದ್ದೆಯಾಗಿ, ಅಂಗಳದ ನಾಯಿಯೂ ಮೂಸಿ ನೋಡಿ ಹೊರಟುಹೋಯಿತು. ಉಂಡೆಗಳು ಚೆನ್ನಾದುವು: ಹುರಿದ ಓಟ್ಸು ಎರಡು ಪಾಲು, ಹುರಿದ ಶೇಂಗಾ ಒಂದು ಪಾಲು, ಬೆಲ್ಲ ಒಂದು ಪಾಲು, ಏಲಕ್ಕಿ, ಕೈಗೆ ತಗಲುವಷ್ಟು ತುಪ್ಪ, ಎಲ್ಲವನ್ನೂ ನುಣ್ಣಗೆ ಕುಟ್ಟಿ ಕಟ್ಟತಕ್ಕದ್ದು. ಸಿಹಿಮೂತ್ರದ ರೋಗವಿದ್ದವರಿಗೆ ಬೆಲ್ಲವೂ ಸಕ್ಕರೆಯೇ ಎಂಬುದನ್ನು ಮರೆಯಲಾಗದು. ಬಣ್ಣಬಣ್ಣದ ಪೊಟ್ಟಣಗಳಲ್ಲಿ ಮಸಾಲೆ ಬೆರೆಸಿ ಮಾರುವ ಓಟ್ಸನ್ನು ನಾವು ಮುಟ್ಟಲಿಲ್ಲ. ಅದರಲ್ಲಿ ಉಪ್ಪು ಬಹಳ.

ಹೊರಡುವ ದಿನ ಅತ್ತೆಯವರು ತಾವಾಗಿಯೇ ಗೋಡೆ ಹಿಡಿದು ಪಡಸಾಲೆಯವರೆಗೆ ಬಂದರು. ನನ್ನ ಹೆಂಡತಿಯ ಉಡಿಯಲ್ಲಿ ಹೊಸ ಜೋಳವನ್ನು ತುಂಬಿ, “ನಿಮ್ಮ ಧಾರವಾಡದಾಗ ಇಂಥಾದ್ದ ಸಿಗೂದಿಲ್ಲವಾ” ಎಂದರು. ಎರಡನೆಯ ಡಬ್ಬಿಯ ಮುಚ್ಚಳವನ್ನು ಸೊಸೆಯು ಅದೇ ಮುಂಜಾನೆ ತೆಗೆದಿದ್ದಳು.