ಅಂಗಡಿಯ ಬಾಗಿಲೂ ಮನೆಯ ಬಾಗಿಲೂ

ಕೃಷ್ಣಾ ತುಂಗಭದ್ರೆಗಳ ನಡುವಿನ ಎಡೆದೊರೆ ನಾಡಿನಲ್ಲಿ, ಲಿಂಗಸೂಗೂರು ತಾಲ್ಲೂಕಿಗೆ ಸೇರಿದ ಗುರುಗುಂಟಾ ಒಂದು ಕಾಲಕ್ಕೆ ಸಂಸ್ಥಾನದ ಊರು. ಸಮೀಪದಲ್ಲಿ ಅಮರೇಶ್ವರನ ಗುಡಿ. ಅನತಿದೂರದಲ್ಲಿ ಹಟ್ಟಿಯ ಚಿನ್ನದ ಗಣಿ. ನೆಲದ ಒಡಲಲ್ಲಿ ಚಿನ್ನವಿದ್ದರೂ ನೆಲದ ಮೇಲಿನವರ ಒಡಲಿಗೆ ಮಳೆಯೇ ಗತಿ. ಮಳೆ ತಪ್ಪಿದ ವರುಷ ಈ ಸೀಮೆಯವರು ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೆ ಗುಳೆ ಹೋಗುವುದು ವಾಚಕರಿಗೆ ಹೊಸ ಸಂಗತಿಯಲ್ಲ.

ಹಾಗೆ ಹೋದವರಲ್ಲಿ ಗೌಂಡಿಯೊಬ್ಬನಿದ್ದನು. ನಗರದಲ್ಲಿ ಅವನು ಕಟ್ಟಿದ ಗೋಡೆಗಳಿಗೆ ಲೆಕ್ಕವಿಲ್ಲ. ಅವನು ವಾಸಿಸುತ್ತಿದ್ದುದು ಮಾತ್ರ ತಗಡಿನ ಖೋಲಿಯಲ್ಲಿ. ಅದಕ್ಕೂ ತಿಂಗಳ ಬಾಡಿಗೆ. ಊರಿನಿಂದ ತಾಯಿ ಫೋನಿನಲ್ಲಿ ಕೇಳುತ್ತಿದ್ದಳು: "ಮಂದಿ ಮನಿ ಎಷ್ಟು ಕಟ್ಟಿದಿಯಪ್ಪಾ, ನಮ್ಮ ಮನಿ ಯಾವಾಗ?"

2020ನೆಯ ಇಸವಿಯ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲಿಕ್ಕಿತು. ಕೆಲಸ ನಿಂತಿತು, ಬಾಡಿಗೆ ನಿಲ್ಲಲಿಲ್ಲ. ಕೂಲಿಕಾರರಿಂದ ಒಂದು ತಿಂಗಳ ಮಟ್ಟಿಗೆ ಬಾಡಿಗೆಯನ್ನು ಕೇಳಕೂಡದೆಂದೂ ಅವರನ್ನು ಹೊರಹಾಕಕೂಡದೆಂದೂ ಮಾರ್ಚ್ 29ರಂದು ಕೇಂದ್ರ ಸರಕಾರದ ಆಜ್ಞೆ ಹೊರಟದ್ದೇನೋ ನಿಜ. ಆದರೆ ಬಾಡಿಗೆಯ ಕರಾರೇ ಕಾಗದದ ಮೇಲಿಲ್ಲದವನು ಆ ಆಜ್ಞೆಯನ್ನು ಯಾರ ಮುಂದೆ ಹಿಡಿಯಬೇಕು? ಕೂಡಿಟ್ಟ ಹಣದಲ್ಲಿಯೇ ಅವನು ಖೋಲಿಯ ಬಾಡಿಗೆಯನ್ನು ತೆತ್ತನು. ಮೇ ತಿಂಗಳ ಮೊದಲ ವಾರದಲ್ಲಿ ಸರಕಾರವು ಊರಿಗೆ ಮರಳುವವರಿಗಾಗಿ ಟಿಕೆಟ್ಟಿಲ್ಲದ ಬಸ್ಸುಗಳನ್ನು ಬಿಟ್ಟಿತು. ಅದರಲ್ಲಿ ಅವನು ಬರಿಗೈಯಲ್ಲಿ ಊರು ಸೇರಿದನು.

ಅದೇ ವಾರ, ಮೇ 4ರಂದು, ಅಂಗಡಿಗಳು ತೆರೆಯತೊಡಗಿದವು. ಮದ್ಯದಂಗಡಿಗಳ ಮುಂದೆ ಅಂದು ನಿಂತ ಸಾಲುಗಳನ್ನು ಕಂಡವರು ಮರೆತಿರಲಾರರು. ಕಟ್ಟಡದ ಕೆಲಸಗಳೂ ಮೊದಲಾಗಬೇಕಾಗಿದ್ದವು. ಮೇ 5ರಂದು ಕಟ್ಟಡ ವ್ಯವಸಾಯದ ಪ್ರಮುಖರೊಡನೆ ಸಭೆ ನಡೆದ ಮೇಲೆ, ಹೊರ ರಾಜ್ಯದ ಕೂಲಿಕಾರರಿಗಾಗಿ ಗೊತ್ತುಮಾಡಿದ್ದ ರೈಲುಗಳನ್ನು ಸರಕಾರವು ರದ್ದುಪಡಿಸಿತು. ನಾಲ್ಕು ದಿಕ್ಕಿನಿಂದಲೂ ಆಕ್ಷೇಪಗಳು ಬರಲು, ಎರಡು ಮೂರು ದಿನಗಳಲ್ಲಿಯೇ ಆ ನಿರ್ಧಾರವನ್ನು ಹಿಂದೆಗೆದುಕೊಂಡಿತು. ಮೇ 6ರಂದು 1,610 ಕೋಟಿ ರೂಪಾಯಿಗಳ ಪರಿಹಾರವನ್ನು ಸಾರಿತು: ಕ್ಷೌರಿಕರಿಗೂ ಮಡಿವಾಳರಿಗೂ ಆಟೋ ನಡೆಸುವವರಿಗೂ 5,000 ರೂಪಾಯಿ, ನೋಂದಾಯಿತ ಕಟ್ಟಡ ಕಾರ್ಮಿಕರಿಗೆ ಮೊದಲಿನ 2,000ದ ಮೇಲೆ 3,000. ನಮ್ಮ ಗೌಂಡಿಯ ಹೆಸರು ಯಾವ ಪಟ್ಟಿಯಲ್ಲಿಯೂ ಇರಲಿಲ್ಲ.

ದುಡಿಮೆ ಬೇಕು, ದುಡಿಯುವವನ ಸೂರು ಯಾರ ಹೊಣೆಯೂ ಅಲ್ಲವೆಂಬ ಈ ನ್ಯಾಯ ಹೊಸತಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ, ಇಕ್ಕಟ್ಟಾದ ಮನೆಗಳೇ ರೋಗದ ನೆಲೆಯೆಂದು ಬಗೆದು ಬಸವನಗುಡಿ ಮಲ್ಲೇಶ್ವರಗಳೆಂಬ ವಿಶಾಲವಾದ ಬಡಾವಣೆಗಳನ್ನು ಬೆಳೆಸಿದರು. ಆ ವಿವೇಕ ಮೆಚ್ಚತಕ್ಕದ್ದೇ. ಆದರೆ ಗಾಳಿ ಬೆಳಕುಗಳು ನಿವೇಶನವನ್ನು ಕೊಳ್ಳಬಲ್ಲವರ ಪಾಲಿಗೆ ಬಂದವು. 2020ರ ಜುಲೈಯಲ್ಲಿ ವಲಸೆಗಾರರಿಗಾಗಿ ಸುಲಭ ಬಾಡಿಗೆಯ ವಸತಿಯ ಯೋಜನೆಗೆ ಕೇಂದ್ರ ಸಂಪುಟವು ಒಪ್ಪಿಗೆ ಕೊಟ್ಟಿತು. ಗೌಂಡಿಯು ಅಷ್ಟರೊಳಗೆ ಖೋಲಿಯ ಕೀಲಿಯನ್ನು ಒಪ್ಪಿಸಿ ಬಂದಾಗಿತ್ತು.

ಊರಿನಲ್ಲಿ ಅವನಿಗೆ ದೊರೆತುದು ಉದ್ಯೋಗ ಖಾತ್ರಿಯ ಕೆಲಸ. ಆ ವರುಷ ದಿನಕ್ಕೆ 275 ರೂಪಾಯಿ ಕೂಲಿ. ಗೋಡೆ ಕಟ್ಟುವ ಕೈ ಮಣ್ಣು ಹೊತ್ತಿತು. ಅದಕ್ಕಾಗಿ ಅವನು ನಾಚಲಿಲ್ಲ. ತಾಯಿಯ ಹೆಸರಿಗೆ ಮನೆಯೊಂದು ಮಂಜೂರಾಗಿ ಕೆಲವು ಕಾಲವಾಗಿತ್ತು. ಸರಕಾರದ ಹಣ ಬರುವುದಾದರೋ ಹಂತಹಂತವಾಗಿ: ಬುನಾದಿಯಾದ ಮೇಲೆ ಒಂದು ಕಂತು, ಬಾಗಿಲ ಮಟ್ಟವಾದ ಮೇಲೆ ಒಂದು, ಛಾವಣಿಯಾದ ಮೇಲೆ ಒಂದು. ಅಂದರೆ ಮೊದಲು ಬಡವನೇ ಸಾಲ ಮಾಡಿ ಕಟ್ಟಿ ತೋರಿಸಬೇಕು. ಅನಂತರ ಕಚೇರಿಯವರು ಭಾವಚಿತ್ರ ತೆಗೆದು ನಂಬಬೇಕು. ಬುನಾದಿಗೆಂದು ಕೂಡಿಟ್ಟ ಹಣವೇ ಬೆಂಗಳೂರಿನ ಖೋಲಿಗೆ ಬಾಡಿಗೆಯಾಗಿ ಹೋಗಿತ್ತು. ಕೇಳೋಣವೆಂದರೆ, ಆ ವರುಷ ಪಂಚಾಯತಿಗಳ ಅವಧಿ ಮುಗಿದು ಚುನಾವಣೆ ಡಿಸೆಂಬರಿಗೆ ಹೋಗಿತ್ತು. ಅಲ್ಲಿಯವರೆಗೆ ಆಡಳಿತಾಧಿಕಾರಿಗಳ ಕೈಯಲ್ಲಿ ಕಾರುಬಾರು. ಕಷ್ಟದ ಕಾಲದಲ್ಲಿಯೇ ಬಡವನಿಗೆ ತನ್ನ ಓಣಿಯ ಮೆಂಬರನಿಲ್ಲದಂತಾಯಿತು.

ಅಂಗಡಿಯ ಬಾಗಿಲನ್ನು ತೆರೆಯಲು ಒಂದು ಆಜ್ಞೆ ಸಾಕು. ಮನೆಯ ಬಾಗಿಲನ್ನು ಹಾಗೆ ತೆರೆಯಲು ಬಾರದು. ಮೊದಲು ಅದನ್ನು ನಿಲ್ಲಿಸಬೇಕು. ಬುನಾದಿಯ ಕಂತನ್ನು ಬಡವನ ಕೈಗೆ ಮೊದಲೇ ಕೊಡುವಷ್ಟು ನಂಬಿಕೆಯನ್ನು ಸರಕಾರವು ತೋರಿದರೆ, ಅರ್ಧ ದಾರಿ ಸವೆದಂತೆ.

ಮಳೆಗಾಲ ಮುಗಿದ ಮೇಲೆ ಗೌಂಡಿಯು ಮತ್ತೆ ಬೆಂಗಳೂರಿಗೆ ಹೊರಟನು. ಹೊರಡುವ ಮುನ್ನ ನಿವೇಶನದ ನಾಲ್ಕು ಮೂಲೆಗೆ ಗೂಟ ಬಡಿದು, ದಾರ ಕಟ್ಟಿ, ಗುಂಡು ಹಿಡಿದು ನೋಡಿದನು. ತಾಯಿಯು ಆ ದಾರದ ಒಳಗೆ ಹೋಗಿ, ಒಲೆ ಬರತಕ್ಕ ಜಾಗದಲ್ಲಿ ಒಂದು ಕಲ್ಲನ್ನಿಟ್ಟು ಬಂದಳು.