ಚಿನ್ನದ ದ್ರಾಕ್ಷಿ

ಡೆಂಗಿ ಜ್ವರವೆಂದು ಆಸ್ಪತ್ರೆ ಸೇರಿದಾಗ ನನ್ನ ಎಡ ಮುಂಗೈಗೆ ಒಂದು ಕ್ಯಾನುಲಾ ಬಂತು. ಸಲೈನ್ ಏರಿಸಲು ನರದೊಳಗೆ ಇಳಿಬಿಡುವ ಸಣ್ಣ ಪ್ಲಾಸ್ಟಿಕ್ ಕೊಳವೆ ಅದು. ಮೂರು ಸಲ ಚುಚ್ಚಿದ ಮೇಲೆ ನರ ಸಿಕ್ಕಿತ್ತು. ಅಷ್ಟು ಕಷ್ಟಪಟ್ಟು ಗಳಿಸಿದ ಆಸ್ತಿಯನ್ನು ಬಿಟ್ಟುಕೊಡಲು ಯಾರಿಗೆ ಮನಸ್ಸು ಬರುತ್ತದೆ?

ನಾಲ್ಕನೆಯ ದಿನ ಅದರ ಬುಡ ಕೆಂಪಾಯಿತು. ಮರುದಿನ ನರ ಹುರಿಯಂತೆ ಗಟ್ಟಿಯಾಯಿತು. ‘ಉರಿಯುತ್ತಿದೆಯೇ?’ ಎಂದು ಸಿಸ್ಟರ್ ಕೇಳಿದರೆ, ‘ಇಲ್ಲಮ್ಮ’ ಎಂದು ಹೊದಿಕೆಯೊಳಗೆ ಕೈ ಸೇರಿಸಿದೆ. ಆ ರಾತ್ರಿ, ಇಳಿದಿದ್ದ ಜ್ವರ ಚಳಿನಡುಕದೊಡನೆ ಮರಳಿತು.

ಬೆಳಿಗ್ಗೆ ವೈದ್ಯರು ಪಟ್ಟಿ ಬಿಚ್ಚಿ ಒತ್ತಿದರು, ಕೀವು ಕಂಡಿತು. ಅವರು ಸಿಟ್ಟಿನಿಂದ ಸಿಸ್ಟರ್ ಕಡೆ ತಿರುಗಿದರು. ಆ ಹುಡುಗಿ ತಲೆ ತಗ್ಗಿಸಿದಳು. ‘ಅವರು ಕೇಳಿದ್ದರು, ಡಾಕ್ಟರೇ. ಸುಳ್ಳು ಹೇಳಿದವನು ನಾನು’ ಎಂದೆ. ಕೀವಿಗಿಂತ ಆ ಮಾತು ಹೊರಬರುವುದು ಕಷ್ಟವಾಯಿತು.

ಕೆಂಪಾದ ನರದಲ್ಲೆಲ್ಲ ರೋಗಾಣು ಇರುವುದಿಲ್ಲ. ಕೊಳವೆ ಉಜ್ಜಿದರೂ ಊತ ಬಂದೀತು. ಕೀವು, ಚಳಿಜ್ವರ ಸೇರಿದರೆ ಲೆಕ್ಕ ಬೇರೆ. ರಕ್ತಪರೀಕ್ಷೆಯಲ್ಲಿ ಸಿಕ್ಕಿದ್ದು ಸ್ಟ್ಯಾಫಿಲೊಕಾಕಸ್ ಆರಿಯಸ್. ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ ಕೀವಿನಲ್ಲಿ ಕಂಡ ದುಂಡು ಜೀವಿಗಳಿಗೆ 1882ರಲ್ಲಿ ದ್ರಾಕ್ಷಿಗೊಂಚಲಿನ ಗ್ರೀಕ್ ಹೆಸರಿಟ್ಟ. 1884ರಲ್ಲಿ ಜರ್ಮನಿಯ ರೋಸೆನ್‌ಬಾಖ್ ಹೊಂಬಣ್ಣ ನೋಡಿ ‘ಆರಿಯಸ್’ ಎಂದು ಸೇರಿಸಿದ. ನನ್ನನ್ನು ನೋಡಲು ಬಂದವರೂ ದ್ರಾಕ್ಷಿಯನ್ನೇ ತಂದಿದ್ದರು. ಅಂದು ಬಾಯಿಗಿಡಲು ಮನಸ್ಸಾಗಲಿಲ್ಲ.

‘ಇದು ಎಲ್ಲಿಂದ ಬಂತು?’ ಎಂದೆ. ‘ಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲಿ ಸುಮ್ಮನೆ ಇರುತ್ತದೆ. ನಿಮ್ಮದೇ ಇರಬಹುದು, ನಮ್ಮ ಕೈಯದೂ ಇರಬಹುದು’ ಎಂದರು ವೈದ್ಯರು.

ಚರ್ಮದ ಗೋಡೆ ಗಟ್ಟಿಯಿರುವ ತನಕ ಅದು ಮರ್ಯಾದಸ್ಥ ಬಾಡಿಗೆದಾರ. ಕೊಳವೆ ಒಂದು ಕಿಂಡಿ ತೆರೆಯಿತು. ಪ್ಲಾಸ್ಟಿಕ್ಕಿಗೆ ಅಂಟಿ, ಲೋಳೆಯ ಹೊದಿಕೆ ಹೊದ್ದು, ಹೆಪ್ಪುಗಟ್ಟಿದ ರಕ್ತದಲ್ಲಿ ಅದು ಸಂಸಾರ ಹೂಡಿತು. ಅಲ್ಲಿಗೆ ಔಷಧ ಸುಲಭವಾಗಿ ತಲುಪದು. ಕೊಳವೆ ಕೀಳುವುದೇ ಮೊದಲ ಚಿಕಿತ್ಸೆ. ಬಿಟ್ಟರೆ ರಕ್ತದೊಡನೆ ಹರಿದು ಹೃದಯದ ಕವಾಟವನ್ನೂ ಹಿಡಿದೀತು.

ಎರಡು ವಾರ ಔಷಧ ನಡೆಯಿತು, ಬಲಗೈಗೆ. ಒಂದು ಚುಚ್ಚು ತಪ್ಪಿಸಿಕೊಳ್ಳಲು ಹೋಗಿ ಎಷ್ಟೋ ಚುಚ್ಚು ತಿಂದೆ.

ಈಗ ಯಾರನ್ನಾದರೂ ನೋಡಲು ಆಸ್ಪತ್ರೆಗೆ ಹೋದರೆ ನನ್ನ ಕಣ್ಣು ಮೊದಲು ಹೋಗುವುದು ಅವರ ಮುಂಗೈಗೆ. ‘ಉರಿಯುತ್ತಿದೆಯೇ?’ ಎನ್ನುತ್ತೇನೆ. ‘ಇಲ್ಲ’ ಎಂದರೆ ಹೊದಿಕೆ ಸರಿಸಿ ನೋಡುತ್ತೇನೆ.